ನಾಲ್ಕು ಮಾರ್ಕಿನ ಪತ್ರ

ಕೆಂಪು ಪೆನ್ನು ಹಿಡಿದು ಪಳಗಿದ ಕೈಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಕಣ್ಣು ತೂಕಡಿಸುತ್ತಿರಲಿ, ಮನಸ್ಸು ಮನೆಯ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಅಲೆಯುತ್ತಿರಲಿ, ಕೈ ಮಾತ್ರ ಗಾಣದೆತ್ತಿನಂತೆ ತನ್ನ ಪಾಡಿಗೆ ಸುತ್ತು ಹಾಕುತ್ತಿರುತ್ತದೆ. ಗೀಟು, ಸೊನ್ನೆ, ಮತ್ತೆ ಗೀಟು, ಕೊನೆಗೊಂದು ಅಂಕಿ. ಏಳನೇ ತರಗತಿಯ ಭಾಷೆಯ ಟೀಚರಮ್ಮನಿಗೆ ಆದದ್ದೂ ಇಷ್ಟೇ. ಬೇಕೆಂದು ಮಾಡಿದ್ದಲ್ಲ. ಆದರೆ ಬೇಕೆಂದು ಮಾಡದ ತಪ್ಪು ಬೇಕೆಂದು ಮಾಡಿದ್ದಕ್ಕಿಂತ ಕಡಿಮೆ ಚುಚ್ಚುತ್ತದೆಯೇ?

ಆ ಸಂಜೆ ಆಕೆ ಮಕ್ಕಳ ಡಾಕ್ಟರರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಳು. ಒಂದು ತೊಡೆಯ ಮೇಲೆ ಜ್ವರದ ಮಗನ ತಲೆ, ಇನ್ನೊಂದರ ಮೇಲೆ ಪ್ರಬಂಧದ ಹಾಳೆಗಳ ಕಟ್ಟು. ಗಂಡನಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಆತ ಬರುವ ಹೊತ್ತಿಗೆ ಇವರು ಮಲಗಿರುತ್ತಾರೆ, ಇವರು ಏಳುವ ಹೊತ್ತಿಗೆ ಆತ ಮಲಗಿರುತ್ತಾನೆ. ಒಂದೇ ಸೂರಿನಡಿ ಇದ್ದೂ ಪಕ್ಕದ ಮನೆಯವರ ಹಾಗೆ. ಡಾಕ್ಟರು ಒಳಗೆ ಕರೆಯುವ ತನಕ ಕೂತು ಮಾಡುವುದೇನು ಎಂದು ಆಕೆ ತಿದ್ದಲು ಶುರುಮಾಡಿದಳು. ಪ್ರಬಂಧದ ವಿಷಯ 'ನಾನು ಕಂಡ ಒಂದು ಅಪಘಾತ'. ಇಡೀ ತರಗತಿ ಸೇರಿ ಒಂದೇ ಲಾರಿಯನ್ನು ಒಂದೇ ಮರಕ್ಕೆ ಗುದ್ದಿಸಿತ್ತು. ಒಬ್ಬನ ಹಾಳೆಯಲ್ಲಿ ಸತ್ತ ಡ್ರೈವರು ಇನ್ನೊಬ್ಬಳ ಹಾಳೆಯಲ್ಲಿ ಎದ್ದು ಕೂತು ಎಲ್ಲರಿಗೂ ಧನ್ಯವಾದ ಹೇಳಿದ್ದ. ಓದಿ ನಗುವಷ್ಟು ಜೀವವೂ ಟೀಚರಮ್ಮನಲ್ಲಿ ಉಳಿದಿರಲಿಲ್ಲ.

ಆ ಕಟ್ಟಿನ ನಡುವೆ ಪ್ರಬಂಧವಲ್ಲದ ಹಾಳೆಯೊಂದು ಸೇರಿಕೊಂಡಿತ್ತು.

ಅದು ಹೇಗೆ ಸೇರಿತು ಎಂಬುದಕ್ಕೆ ಹೆಡ್‌ಮಿಸ್ಸಿನ ಯೋಜನೆಯ ಕಥೆ ಹೇಳಬೇಕು. ಯಾವುದೋ ತರಬೇತಿಗೆ ಹೋಗಿಬಂದ ಹೆಡ್‌ಮಿಸ್ಸು, ನಮ್ಮ ಮಕ್ಕಳು ವೃದ್ಧಾಶ್ರಮದ ಹಿರಿಯರಿಗೆ ಪತ್ರ ಬರೆಯಲಿ, ಅವರ ಒಂಟಿತನ ಕಳೆಯಲಿ ಎಂದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಬಹಳ ಒಳ್ಳೆ ಕೆಲಸ" ಎಂದು ತಲೆಯಾಡಿಸಿದರು. ಒಳ್ಳೆ ಕೆಲಸದ ಗುಣವೇ ಹಾಗೆ. ಹೊಗಳುವವರು ಹತ್ತು ಜನ, ಹೊರುವವರು ಒಬ್ಬರು. ಪತ್ರ ಎಂದರೆ ಬರವಣಿಗೆ, ಬರವಣಿಗೆ ಎಂದರೆ ಭಾಷೆ, ಭಾಷೆ ಎಂದರೆ ಟೀಚರಮ್ಮ. ಮಕ್ಕಳ ಪತ್ರಗಳನ್ನು ತಿದ್ದಿ, ಚೊಕ್ಕವಾಗಿ ಬರೆಸಿ, ಲಕೋಟೆಗೆ ಹಾಕಿ ಊರಾಚೆಯ ಆಶ್ರಮಕ್ಕೆ ಕಳಿಸುವುದು. ಅಲ್ಲಿಂದ ಬಂದ ಉತ್ತರಗಳನ್ನು ಹಂಚುವುದು. ಹಿರಿಯರ ಕೈ ನಡುಗುತ್ತದೆ, ಗೆರೆ ಇದ್ದರೆ ಬರೆಯಲು ಸುಲಭ ಎಂದು ಹೆಡ್‌ಮಿಸ್ಸು ಶಾಲೆಯದೇ ಗೆರೆ ಹಾಳೆಯ ಒಂದು ಕಟ್ಟನ್ನು ಅಲ್ಲಿಗೆ ಕಳಿಸಿಕೊಟ್ಟಿದ್ದರು. ಮಕ್ಕಳು ಪ್ರಬಂಧ ಬರೆಯುವುದೂ ಅದೇ ಹಾಳೆಯಲ್ಲಿ. ಎಡಕ್ಕೆ ಅದೇ ಗುಲಾಬಿ ಅಂಚು. ಆಶ್ರಮದಿಂದ ಬಂದ ಉತ್ತರಗಳಲ್ಲೊಂದು ಮೇಜಿನ ಮೇಲೆ ಪ್ರಬಂಧಗಳ ನಡುವೆ ಜಾರಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಾಗಿ ಟೀಚರಮ್ಮನ ಕೈ ಆ ಹಾಳೆಯನ್ನೂ ಬಿಡಲಿಲ್ಲ. ಸೊಟ್ಟ ಅಕ್ಷರಗಳನ್ನೆಲ್ಲ ಸುತ್ತಿತು. ಸಾಲು ಮೀರಿದಲ್ಲೆಲ್ಲ ಗೀಟು ಎಳೆಯಿತು. ಲಾರಿಯೂ ಇಲ್ಲ, ಮರವೂ ಇಲ್ಲ ಎಂಬುದಷ್ಟೇ ಕಣ್ಣಿಗೆ ಬಿದ್ದು, ಅಡಿಯಲ್ಲಿ 'ವಿಷಯಕ್ಕೂ ಬರಹಕ್ಕೂ ಸಂಬಂಧವಿಲ್ಲ. ಅಕ್ಷರ ದುಂಡಾಗಿರಲಿ' ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟಿತು. ಅಷ್ಟರಲ್ಲಿ ಕಾಂಪೌಂಡರ್ ಮಗನ ಹೆಸರು ಕೂಗಿದ.

ಮರುದಿನ ತರಗತಿಯ ಲೀಡರ್ ಹುಡುಗಿ ಹಾಳೆಗಳನ್ನು ಹಂಚಿದಳು. ಒಂದರ ಮೇಲೆ ಕ್ರಮಸಂಖ್ಯೆ ಇಲ್ಲ, ತಲೆಯಲ್ಲಿ ಆಶ್ರಮದ ಹೆಸರಿದೆ. ಹುಡುಗಿ ಬುದ್ಧಿವಂತೆ. ಇದು ಆಶ್ರಮಕ್ಕೆ ಹೋಗಬೇಕಾದದ್ದು ಎಂದು ಕಳಿಸುವ ಲಕೋಟೆಗೆ ಹಾಕಿದಳು.

ಎಲ್ಲ ಮಕ್ಕಳಿಗೂ ಉತ್ತರ ಬಂತು, ಕಡ್ಡಿಯೊಬ್ಬಳಿಗೆ ಬರಲಿಲ್ಲ. ಕಡ್ಡಿ ಎಂದರೆ ಮೂರನೇ ಬೆಂಚಿನ ಹುಡುಗಿ. ತೆಳ್ಳಗಿದ್ದಾಳೆಂದು ಗೆಳತಿಯರು ಇಟ್ಟ ಹೆಸರು, ಈಗ ಟೀಚರುಗಳ ಬಾಯಲ್ಲೂ ಅದೇ. ಅವಳು ದಿನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಟೀಚರ್, ನಂದು ಬಂತಾ?"

"ಬರುತ್ತೆ ಕಣೇ. ವಯಸ್ಸಾದವರು, ನಿಧಾನ."

"ಸತ್ತುಗಿತ್ತು ಹೋಗಿಲ್ಲ ತಾನೆ?"

"ಬಿಡ್ತು ಅನ್ನು! ಬಾಯಿ ಬಿಟ್ಟರೆ ಬರೀ ಇಂಥದ್ದೇ."

"ಅದಲ್ಲ ಟೀಚರ್. ನಾನೊಂದು ಕೇಳಿದ್ದೆ. ಅದನ್ನ ಅವರೇ ಹೇಳಬೇಕು, ಬೇರೆ ಯಾರಿಗೂ ಗೊತ್ತಿರಲ್ಲ."

"ಅಂಥದ್ದೇನೇ ಕೇಳಿದ್ದೆ?"

ಕಡ್ಡಿ ಆಕೆಯ ಮುಖವನ್ನೇ ನೋಡಿದಳು. "ನನ್ನ ಪತ್ರ ನೀವೇ ತಿದ್ದಿದ್ರಲ್ಲ ಟೀಚರ್. ಅದರಲ್ಲೇ ಇತ್ತು."

ಟೀಚರಮ್ಮನಿಗೆ ನೆನಪಿನ ಮೂಲೆಮೂಲೆ ತಡಕಿದರೂ ಒಂದು ಪದ ಸಿಗಲಿಲ್ಲ. ಕಡ್ಡಿಗೆ ಒಂಬತ್ತು ಮಾರ್ಕು ಕೊಟ್ಟದ್ದು ನೆನಪಿತ್ತು. ಕೊಂಬು ದೀರ್ಘ ನೋಡಿಕೋ ಎಂದದ್ದೂ ನೆನಪಿತ್ತು. "ಹೌದ್ಹೌದು" ಎಂದು ಜಾರಿಕೊಂಡಳು. ಬೆಲ್ಲು ಹೊಡೆದದ್ದು ಒಳ್ಳೆಯದೇ ಆಯಿತು.

ಆ ವಾರದಲ್ಲೇ ಆಶ್ರಮದಿಂದ ಫೋನು ಬಂತು. ಅಲ್ಲಿನ ವಾರ್ಡನ್ ಗಟ್ಟಿ ದನಿಯ ಹೆಂಗಸು.

"ಏನು ಟೀಚರಮ್ಮ, ನಮ್ಮ ಲಾಂಡ್ರಿ ಅಜ್ಜಿನ ಫೇಲ್ ಮಾಡಿಬಿಟ್ರಂತಲ್ಲ!"

"ಯಾರು? ನಾನಾ?"

"ಹತ್ತಕ್ಕೆ ನಾಲ್ಕು. ಕೆಂಪಕ್ಷರದಲ್ಲಿ. ನಾನು ಕಣ್ಣಾರೆ ನೋಡಿದೀನಿ." ನಕ್ಕು ಮುಗಿದ ಮೇಲೆ ದನಿ ಇಳಿಯಿತು. "ನಗೋ ವಿಷಯ ಅಲ್ಲಮ್ಮ. ನಮ್ಮಲ್ಲೊಬ್ಬರು ರೇಡಿಯೊ ತಾತ ಇದಾರೆ, ಬಾಯಿಗೆ ಸ್ವಿಚ್ಚಿಲ್ಲ. ಊಟದ ಮನೇಲಿ ಎಲ್ಲರೆದುರು ಜೋರಾಗಿ ಓದಿಬಿಟ್ರು. ವಿಷಯಕ್ಕೆ ಸಂಬಂಧವಿಲ್ಲ ಅಂತ. ಆವತ್ತಿಂದ ಅಜ್ಜಿ ಊಟಕ್ಕೆ ಹೊರಗೆ ಬರ್ತಿಲ್ಲ, ತಟ್ಟೆ ರೂಮಿಗೇ ಕಳಿಸ್ತಿದೀನಿ. ಬರೀರಿ ಅಂತ ಹಾಳೆ ಕೊಟ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ."

ಟೀಚರಮ್ಮನಿಗೆ ಆ ಕ್ಲಿನಿಕ್ಕಿನ ಬೆಂಚು, ಗುಲಾಬಿ ಅಂಚು, ಎಲ್ಲ ಒಟ್ಟಿಗೆ ಹೊಳೆಯಿತು. ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಒಂಟಿತನ ಕಳೆಯಿರಿ ಎಂದರೆ, ಹತ್ತು ಜನರ ನಡುವೆ ಊಟ ಮಾಡುತ್ತಿದ್ದ ಮುದುಕಿಯನ್ನು ತಾನು ಒಂಟಿ ಮಾಡಿ ಕೂರಿಸಿದ್ದಳು. ಇತ್ತ ಆ ಹುಡುಗಿ ದಿನಾ ಬಾಗಿಲಲ್ಲಿ.

ಹೆಡ್‌ಮಿಸ್ಸು ಎಲ್ಲ ಕೇಳಿಸಿಕೊಂಡು, "ನೀವೇ ಒಂದ್ಸಲ ಹೋಗಿ ಸಾರಿ ಹೇಳಿ ಬಂದ್ಬಿಡಿ. ಹೂವು ತಗೊಂಡು ಹೋಗಿ, ಒಂದು ಫೋಟೊನೂ ಇರಲಿ" ಎಂದರು. ಹೂವು ಕೊಳ್ಳುವ ಹೊತ್ತಿಗೆ ಬಸ್ಸು ಬಂದುಬಿಟ್ಟಿತು. ಮಗನನ್ನು ಪಕ್ಕದ ಮನೆಯ ಆಂಟಿಯ ಹತ್ತಿರ ಬಿಟ್ಟು, ಎರಡು ಬಸ್ಸು ಹತ್ತಿಳಿದು, ಬರಿಗೈಯಲ್ಲೇ ಆಶ್ರಮ ಸೇರಿದಳು.

ವರಾಂಡದಲ್ಲಿ ಬೆತ್ತದ ಕುರ್ಚಿಯಿಂದ ಒಂದು ದನಿ ಹಿಡಿದು ನಿಲ್ಲಿಸಿತು. "ಓ ಪರೀಕ್ಷಕರು ಬಂದ್ರು! ನನ್ನ ಪತ್ರಕ್ಕೆ ಯಾಕಮ್ಮ ಮಾರ್ಕು ಹಾಕಿಲ್ಲ? ನಾನು ಮೂರು ಪುಟ ಬರೆದಿದ್ದೆ."

ರೇಡಿಯೊ ತಾತನೆಂದು ಯಾರೂ ಹೇಳಬೇಕಾಗಿರಲಿಲ್ಲ. "ಅಜ್ಜಿ ಪತ್ರಾನ ಯಾಕೆ ಎಲ್ಲರೆದುರು ಓದಿದ್ರಿ ತಾತ?" ಎಂದಳು.

"ತಮಾಷೆಗಮ್ಮ." ತಾತ ಕೋಲನ್ನು ನೆಲಕ್ಕೆ ಕುಟ್ಟಿದ. "ತಮಾಷೆ ಅಂತಾನೇ ಓದಿದೆ. ಅವಳು ಎದ್ದು ಹೋದ್ಳು. ಈಗ ನನ್ನ ಪಕ್ಕದ ಕುರ್ಚಿ ಖಾಲಿ. ಯಾರಿಗೆ ಹೇಳಲಿ?"

ಅಜ್ಜಿ ಕೋಣೆಯಲ್ಲಿ ಮಂಚದ ಮೇಲೆ ಕೂತು ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ವಯಸ್ಸು ಸವೆಸಿದವಳು. ಇಲ್ಲಿ ಯಾರೂ ಹೇಳದಿದ್ದರೂ ಎಲ್ಲರ ಬಟ್ಟೆ ಮಡಚುತ್ತಾಳೆ ಎಂದು ವಾರ್ಡನ್ ಹೇಳಿದ್ದಳು. ಬಟ್ಟೆ ಸೋಡಾದ ನೀರು ತಿಂದ ಬೆರಳುಗಳು ಗೆಣ್ಣಿನಲ್ಲಿ ಊದಿ, ತುದಿಯಲ್ಲಿ ಸೊರಗಿದ್ದವು. ಆದರೂ ಚೀಲದ ಮೂಲೆಗೆ ಮೂಲೆ ಕೂಡುತ್ತಿತ್ತು.

"ನಾನು ಆ ಟೀಚರು ಅಜ್ಜಿ. ತಪ್ಪಾಯ್ತು."

"ಕೂತ್ಕೊಳ್ಳಿ ಮೊದಲು. ನಿಂತುಕೊಂಡು ತಪ್ಪಾಯ್ತು ಅಂದ್ರೆ ಓಡಿಹೋಗೋ ಆತುರ ಇದ್ದ ಹಾಗಿರುತ್ತೆ."

ಟೀಚರಮ್ಮ ಕೂತಳು. ಕ್ಲಿನಿಕ್ಕು, ಜ್ವರ, ಹಾಳೆ, ಲೀಡರ್ ಹುಡುಗಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಜ್ಜಿ ದಿಂಬಿನಡಿಯಿಂದ ಆ ಹಾಳೆಯನ್ನು ತೆಗೆದು ಮಂಚದ ಮೇಲಿಟ್ಟಳು. ಈಗ ನೋಡಿದರೆ ಅದು ಹಾಳೆಯಲ್ಲ, ಗಾಯ. ಟೀಚರಮ್ಮ ಚೀಲದಿಂದ ಪೆನ್ನು ತೆಗೆದು ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಹತ್ತು ಎಂದು ಬರೆದಳು.

"ಇದೇನು?"

"ಹತ್ತಕ್ಕೆ ಹತ್ತು ಅಜ್ಜಿ."

"ಆವತ್ತು ನಾಲ್ಕು, ಇವತ್ತು ಹತ್ತು. ನಡುವೆ ನಾನೊಂದಕ್ಷರ ಬರೆದಿಲ್ಲ. ಯಾವುದಮ್ಮ ಸುಳ್ಳು?"

ಟೀಚರಮ್ಮ ಪೆನ್ನಿನ ಮುಚ್ಚಳ ಹಾಕಿದಳು.

"ಹೋಗಲಿ ಬಿಡಿ. ನಾನು ಅದರಲ್ಲಿ ಏನು ಬರೆದಿದ್ದೆ ಹೇಳಿ ನೋಡೋಣ."

ಹನ್ನೆರಡು ವರ್ಷದ ಮಕ್ಕಳಿಗೆ ಪ್ರಶ್ನೆ ಕೇಳಿ ಅವರ ಕಣ್ಣು ಚಾವಣಿಗೆ ಹೋಗುವುದನ್ನು ಆಕೆ ಎಷ್ಟು ಸಲ ನೋಡಿರಲಿಲ್ಲ! ಈಗ ತನ್ನ ಕಣ್ಣೇ ಚಾವಣಿಗೆ ಹೋಯಿತು. ಅಲ್ಲಿ ಫ್ಯಾನು ತಿರುಗುತ್ತಿತ್ತು.

"ಒಂದಕ್ಷರಾನೂ ಬಿಡದೆ ಗೀಚಿದ್ದೀರಿ. ಒಂದಕ್ಷರಾನೂ ಓದಿಲ್ಲ," ಎಂದಳು ಅಜ್ಜಿ. ಸಿಟ್ಟಿರಲಿಲ್ಲ ದನಿಯಲ್ಲಿ, ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. "ನಾಲ್ಕು ಕೊಟ್ಟದ್ದಕ್ಕೆ ನನಗೇನಿಲ್ಲ. ಸ್ಕೂಲಿಗೆ ಹೋಗದವಳಿಗೆ ನಾಲ್ಕು ಅಂದ್ರೂ ಲಾಭಾನೇ. ಶೀಟಿನ ಮೇಲೆ ವಾರ್ಡಿನ ಹೆಸರು ಬರೆದು ಬರೆದು ಕಲಿತದ್ದು ನಾನು. ಹೆರಿಗೆ, ಮಕ್ಕಳು, ಜ್ವರ. ನನ್ನ ಅಕ್ಷರ ಒಗೆದ್ರೂ ಹೋಗ್ತಿರಲಿಲ್ಲ. ಆದ್ರೆ ವಿಷಯಕ್ಕೆ ಸಂಬಂಧ ಇಲ್ಲ ಅಂದ್ರಲ್ಲ, ಅದು ಕೊರೀತು. ಆ ಮಗು ಕೇಳಿದ್ದಕ್ಕೇ ತಾನೆ ನಾನು ಬರೆದದ್ದು? ನನಗೇ ಅನುಮಾನ ಬಂತು, ಅರಳುಮರಳಾಯ್ತಾ ಅಂತ. ತೆಗೆದು ತೆಗೆದು ಓದಿದೆ."

ಹಾಳೆಯನ್ನು ಆಕೆಯ ಕಡೆ ದೂಡಿದಳು. "ಓದಿ. ಜೋರಾಗಿ. ಸಂಬಂಧ ಇದೆಯೋ ಇಲ್ಲವೋ ನೀವೇ ಹೇಳಿ."

ಟೀಚರಮ್ಮ ಕೆಂಪು ಗೀಟುಗಳ ಸಂದಿನಿಂದ ಅಕ್ಷರಗಳನ್ನು ಹೆಕ್ಕಿ ಹೆಕ್ಕಿ ಓದಿದಳು.

'ಮಗುವೇ, ನಿನ್ನ ಪತ್ರ ಬಂತು. ಅಮ್ಮ ರಾತ್ರಿ ಕೆಲಸಕ್ಕೆ ಹೋದ ಮೇಲೆ ತಮ್ಮನನ್ನು ಮಲಗಿಸಿ ಒಬ್ಬಳೇ ಎಚ್ಚರ ಇರುತ್ತೇನೆ, ನಿಮಗೂ ಒಬ್ಬರೇ ಮಲಗಲು ಹೆದರಿಕೆಯಾ ಎಂದು ಕೇಳಿದ್ದೀಯ. ಹೌದು ಮಗು. ಇಲ್ಲ ಎಂದರೆ ಸುಳ್ಳು. ನಾನೂ ರಾತ್ರಿ ಪಾಳಿ ಮಾಡಿದವಳು. ನನ್ನ ಮಗಳು ನಿನ್ನ ಹಾಗೇ ಒಬ್ಬಳೇ ಮಲಗುತ್ತಿದ್ದಳು. ಹೆದರಿಕೆ ಆಗುತ್ತದಾ ಎಂದು ನಾನು ಅವಳನ್ನು ಕೇಳಲಿಲ್ಲ. ಆಗುತ್ತದೆ ಎಂದುಬಿಟ್ಟರೆ ಏನು ಮಾಡುವುದು ಎಂದು ಕೇಳಲಿಲ್ಲ. ನಿನ್ನಮ್ಮ ಕೇಳದಿದ್ದರೆ ಅವಳಿಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಈಗ ನಾನು ಏನು ಮಾಡುತ್ತೇನೆ ಎಂದರೆ ಕಣ್ಣು ಮುಚ್ಚಿ ಶೀಟು ಮಡಚುತ್ತೇನೆ. ಮೊದಲು ಹೆರಿಗೆ ವಾರ್ಡಿನದು. ಆಮೇಲೆ ಮಕ್ಕಳ ವಾರ್ಡಿನದು. ಜ್ವರದ ವಾರ್ಡಿಗೆ ಬರುವಷ್ಟರಲ್ಲಿ ನಿದ್ದೆ ಬರುತ್ತದೆ. ನೀನು ನಿನಗೆ ಗೊತ್ತಿರುವುದನ್ನು ಮಡಚು.'

ಓದು ನಿಂತಿತು. ಟೀಚರಮ್ಮ ಕಿಟಕಿಯ ಕಡೆ ನೋಡಿದಳು. ಪಕ್ಕದ ಮನೆಯಲ್ಲಿ ಬಿಟ್ಟುಬಂದ ಮಗ, ಅಮ್ಮ ಯಾವಾಗ ಬರ್ತೀಯ ಎಂದದ್ದಕ್ಕೆ ತಾನು ಚಪ್ಪಲಿ ಮೆಟ್ಟುತ್ತಾ ಏನೋ ಒಂದು ಹೇಳಿ ಹೊರಟದ್ದು ನೆನಪಾಯಿತು. ಮೂರನೇ ಬೆಂಚಿನ ಹುಡುಗಿ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸಿದಾಗ ಸೀಮೆಸುಣ್ಣದ ಚೂರು ಎಸೆದದ್ದೂ ನೆನಪಾಯಿತು.

"ಸಂಬಂಧ ಇದೆ ಅಜ್ಜಿ," ಎಂದಳು.

"ಗೊತ್ತಾಯ್ತಲ್ಲ, ಸಾಕು."

"ಇದನ್ನ ಹೊಸ ಹಾಳೆಗೆ ಚೆನ್ನಾಗಿ ನಕಲು ಮಾಡಿ ನಾಳೆನೇ ಅವಳಿಗೆ ಕೊಡ್ತೀನಿ."

"ನಕಲು ಯಾಕೆ? ಹಾಗೇ ಕೊಡಿ. ಅವಳ ಪುಸ್ತಕಕ್ಕೂ ನೀವು ಇದೇ ಗತಿ ಕಾಣಿಸ್ತೀರಲ್ಲ? ಅಜ್ಜಿನೂ ನನ್ನ ಕ್ಲಾಸೇ ಅಂದ್ಕೊಳ್ತಾಳೆ."

ಟೀಚರಮ್ಮ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಮುಂದಿನ ಪತ್ರ ನಾನು ಮುಟ್ಟೋದೇ ಇಲ್ಲ ಅಜ್ಜಿ, ಆಣೆಗೂ. ಲಕೋಟೆ ಅಂಟಿಸಿಯೇ ಕಳಿಸಿ."

"ಮುಂದಿನದು ಇಲ್ಲ. ನಾನಿನ್ನು ಬರೆಯಲ್ಲ."

"ನನ್ನ ಮೇಲಿನ ಸಿಟ್ಟು ಆ ಮಗು ಮೇಲೆ ಯಾಕೆ ಅಜ್ಜಿ..."

"ಸಿಟ್ಟಲ್ಲಮ್ಮ." ಅಜ್ಜಿ ಬೆರಳುಗಳನ್ನು ಬಿಡಿಸಿ ತೋರಿಸಿದಳು, ಅವು ಪೂರ್ತಿ ಬಿಡಿಸಿಕೊಳ್ಳಲಿಲ್ಲ. "ಇದೊಂದು ಹಾಳೆಗೆ ಎಷ್ಟು ಬೆಳಗು ಹಿಡೀತು ಅಂತ ನನಗೇ ಗೊತ್ತು. ಅದೂ ಪರವಾಗಿಲ್ಲ. ಆದ್ರೆ ಈಗ ಪೆನ್ನು ಹಿಡಿದ್ರೆ ಯಾರೋ ಹೆಗಲ ಮೇಲಿಂದ ಬಗ್ಗಿ ನೋಡ್ತಿದಾರೆ ಅನ್ಸುತ್ತೆ. ಕೈ ಓಡಲ್ಲ. ನೀವು ನೋಡಲ್ಲ ಅಂದ್ರೂ ಓಡಲ್ಲ. ಒಂದ್ಸಲ ಕೆಟ್ಟದ್ದು ಕೆಟ್ಟಿತು. ಮಾತಾದ್ರೆ ಆಡಬಲ್ಲೆ. ಅವಳು ಬರೋ ಹಾಗಿದ್ರೆ ಬರಲಿ. ಬಾಯಿ ತುಂಬ ಹೇಳ್ತೀನಿ."

ಬರಲಿ ಎನ್ನುವುದು ಸುಲಭ, ಕರೆದುತರುವವರು ಯಾರು? ಹುಡುಗಿಯ ತಾಯಿ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿಯೆಲ್ಲ ದುಡಿದು ಹಗಲು ಮಲಗುವವಳು. ಇಲ್ಲಿಗೆ ಎರಡು ಬಸ್ಸು. ವಾರದಲ್ಲಿ ಟೀಚರಮ್ಮನಿಗೆ ಸ್ವಂತವಾಗಿ ಉಳಿಯುವುದು ಶನಿವಾರದ ಮಧ್ಯಾಹ್ನ ಒಂದೇ. ಆವತ್ತು ರಾಶಿ ಬಿದ್ದ ಬಟ್ಟೆ ಒಗೆದು, ಬಾಗಿಲು ಹಾಕಿಕೊಂಡು, ಯಾರು ಕರೆದರೂ ಓಗೊಡದೆ ಮಲಗುವುದು. ಆ ನಿದ್ದೆಯ ಆಸೆಯಲ್ಲೇ ಆಕೆ ಸೋಮವಾರದಿಂದ ಶುಕ್ರವಾರದವರೆಗೆ ಕಾಲೆಳೆಯುತ್ತಿದ್ದಳು.

"ಶನಿವಾರ ಮಧ್ಯಾಹ್ನ ಕರ್ಕೊಂಡು ಬರ್ತೀನಿ," ಎಂದಿತು ಬಾಯಿ. ಬಾಯಿಗೆ ಎರಡು ಬಾರಿಸಬೇಕೆನ್ನಿಸಿತು.

"ಈ ಒಂದು ಶನಿವಾರವೋ, ಪ್ರತಿ ಶನಿವಾರವೋ?"

"ಮೊದಲು ಈ ಶನಿವಾರ ಬರ್ತೀವಿ ಅಜ್ಜಿ. ಅದಕ್ಕಿಂತ ಹೆಚ್ಚಿಗೆ ಈಗ ನನ್ನ ಕೈಲಿ ಹೇಳೋಕಾಗಲ್ಲ."

ಅಜ್ಜಿ ಆಕೆಯ ಕಣ್ಣ ಕೆಳಗಿನ ಕಪ್ಪನ್ನು ನೋಡಿದಳು. "ಈ ಮಾತು ನಿಜ," ಎಂದಳು.

ಮರುದಿನ ಕಡ್ಡಿ ಪತ್ರವನ್ನು ಬೆಂಚಿನ ಕೆಳಗೆ ಹಿಡಿದು ಓದಿದಳು. ಮೊದಲು ಅಂಕಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಂತಿತು. ಪೀರಿಯಡ್ಡು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಟೀಚರಮ್ಮ ಎತ್ತು ಎನ್ನಲಿಲ್ಲ. ಅಪ್ಪಣೆ ಕೇಳಲು ಕರೆಸಿದ ತಾಯಿ ನಿದ್ದೆಗೆಟ್ಟ ಕೆಂಪು ಕಣ್ಣಲ್ಲೇ ಗೇಟಿಗೆ ಬಂದಳು. "ಏನು ಮಾಡಿದ್ಲು ಟೀಚರ್? ಮತ್ತೆ ನಿದ್ದೆ ಮಾಡಿದ್ಲಾ?" ವಿಷಯ ಕೇಳಿ, "ಕರ್ಕೊಂಡು ಹೋಗಿ. ಚಿಕ್ಕವನನ್ನೂ ಕರ್ಕೊಂಡು ಹೋಗ್ತೀರಾ? ಹಾಗಾದ್ರೆ ಒಂದಿಷ್ಟು ನಿದ್ದೆ ಮಾಡ್ತೀನಿ," ಎಂದಳು. ತನ್ನ ನಿದ್ದೆಯನ್ನು ಇನ್ನೊಬ್ಬಳಿಗೆ ದಾನ ಕೊಟ್ಟಂತಾಯಿತು ಎಂದು ಟೀಚರಮ್ಮನಿಗೆ ಅನ್ನಿಸಿತು. ಕೊಟ್ಟದ್ದು ಆಯಿತಲ್ಲ.

ಶನಿವಾರ ಬಸ್ಸಿನಲ್ಲಿ ಅವರು ನಾಲ್ವರು. ಕಡ್ಡಿ, ಅವಳ ತಮ್ಮ, ಬಿಟ್ಟು ಬರಲು ಮನಸ್ಸಾಗದ ತನ್ನ ಮಗ, ಮತ್ತು ಒಬ್ಬನ ಮೂಗು ಒರೆಸಿ ಇನ್ನೊಬ್ಬನ ತಲೆ ಕಿಟಕಿಯಿಂದ ಒಳಗೆಳೆಯುತ್ತಿದ್ದ ಟೀಚರಮ್ಮ. ಆಶ್ರಮದಲ್ಲಿ ರೇಡಿಯೊ ತಾತ ಹುಡುಗರಿಬ್ಬರನ್ನೂ ಹಿಡಿದು ಕೂರಿಸಿಕೊಂಡ. ಕೇಳುವ ಕಿವಿ ನಾಲ್ಕು ಸಿಕ್ಕಿದ್ದು ಅವನಿಗೆ ಹಬ್ಬ.

ಕೋಣೆಯಲ್ಲಿ ಅಜ್ಜಿ, ಕಡ್ಡಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಕಾಗದದಲ್ಲಿ ಹೆದರಿಕೆ ಹಂಚಿಕೊಂಡವರಿಗೆ ಎದುರು ಸಿಕ್ಕಾಗ ಊಟ ಆಯ್ತಾ ಎನ್ನುವುದೂ ಕಷ್ಟ.

"ಎಷ್ಟು ಸಣ್ಣಗಿದ್ದೀಯೇ," ಎಂದಳು ಅಜ್ಜಿ ಕೊನೆಗೆ.

"ಅದಕ್ಕೇ ಕಡ್ಡಿ ಅಂತಾರೆ."

"ಬಾ, ಈ ಕಡೆ ಹಿಡ್ಕೋ." ಒದ್ದೆ ವಾಸನೆ ಇನ್ನೂ ಬಿಡದ ದೊಡ್ಡ ಶೀಟೊಂದರ ತುದಿಗಳನ್ನು ಹುಡುಗಿಯ ಕೈಗೆ ಕೊಟ್ಟಳು. ಇಬ್ಬರೂ ಎಳೆದು ಕೊಡವಿದರು.

"ನಾನು ಮಡಚಿ ನೋಡಿದೆ ಅಜ್ಜಿ. ನಂಗೆ ವಾರ್ಡೆಲ್ಲ ಗೊತ್ತಿಲ್ಲ, ಪಾಠ ಮಡಚಿದೆ. ನಿದ್ದೆ ಬರಲಿಲ್ಲ."

"ಪಾಠ ಅಂದ್ರೆ ನಿದ್ದೆ ಬರಲೇಬೇಕಲ್ಲ!"

"ಅದು ಕ್ಲಾಸಲ್ಲಿ ಮಾತ್ರ ಬರೋದು."

ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ಕೇಳಿಸದವಳಂತೆ ಹೊರಗೆ ಹೋಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ತಿದ್ದಲೆಂದು ತಂದ ಕಟ್ಟು ಚೀಲದಲ್ಲಿತ್ತು. ಆಮೇಲೆ ತೆಗೆದರಾಯಿತು ಎಂದುಕೊಂಡಳು. ಒಳಗಿನಿಂದ ಮಾತು ಬರುತ್ತಿತ್ತು. ಮೊದಲು ಒಂದೊಂದಾಗಿ, ಆಮೇಲೆ ಒಂದರ ಮೇಲೊಂದು. ರಾತ್ರಿ ಬಾಗಿಲು ಬಡಿದ ಹಾಗೆ ಕೇಳಿದರೆ ಏನು ಮಾಡಬೇಕು ಎಂದು ಹುಡುಗಿ ಕೇಳುತ್ತಿದ್ದಳು. ಅಜ್ಜಿ ಏನೋ ಹೇಳಿದಳು. ಅವರಿಬ್ಬರ ನಡುವೆ ತಾನು ತಿದ್ದಬೇಕಾದ್ದು, ಹಂಚಬೇಕಾದ್ದು ಏನೂ ಉಳಿದಿರಲಿಲ್ಲ. ತಲೆ ಗೋಡೆಗೆ ಒರಗಿತು.

"ಅಜ್ಜಿ, ಟೀಚರ್ ಮಲಗಿಬಿಟ್ಟಿದಾರೆ. ಬಾಯಿ ತೆರೆದುಕೊಂಡು."

"ಶ್, ಮೆಲ್ಲಗೆ."

"ಎಬ್ಬಿಸಲಾ? ಬಸ್ಸು ಹೋಗುತ್ತೆ."

"ಹೋಗಲಿ. ಇನ್ನೊಂದು ಬರುತ್ತೆ. ಆ ತುದಿ ಹಿಡ್ಕೋ."

ಮಾತು ಟೀಚರಮ್ಮನ ಕಿವಿಗೆ ಬಿದ್ದಿತ್ತು. ನನಗೆ ಎಚ್ಚರವಿದೆ ಎಂದು ಹೇಳಬೇಕೆಂದುಕೊಂಡಳು. ಬಾಯಿ ಮುಚ್ಚಿಕೊಂಡಳು, ಕಣ್ಣು ತೆರೆಯಲಿಲ್ಲ.